ವನಜತ್ತೆ ಪಾಠ ಮಾಡುತ್ತಿದ್ದ ಕೆರೆ ಗಾರ್ಡನ್

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಘಣಸೋಲಿಯಲ್ಲಿ ಬದುಕುವವಳಿಗೆ ಇದು ದಿನನಿತ್ಯದ ಶಿಕ್ಷೆ. ಇಲ್ಲಿ ಯಾವುದಾದರೊಂದು ಸೆಕ್ಟರಿನಲ್ಲಿ ಏನಾದರೊಂದು ಟವರ್ ಏಳುತ್ತಲೇ ಇರುತ್ತದೆ. ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದರೆ ಕಾಫಿಯ ಘಮಕ್ಕಿಂತ ಮೊದಲು ಅದೇ ಒಳಗೆ ಬರುತ್ತದೆ. ತಣ್ಣಗೆ, ನೀರು ಬಿದ್ದ ಸುಣ್ಣದ ಹಾಗೆ, ಗಂಟಲಿಗಿಳಿದು ಕೂತುಬಿಡುತ್ತದೆ. ಬಿಲ್ಡಿಂಗಿನ ಉಳಿದವರಿಗೆ ಆ ವಾಸನೆ ಎಂದರೆ ಹೊಸ ಮನೆ, ಹೊಸ ಮೆಟ್ರೊ, ಏರುವ ರೇಟು. ನನಗೆ ಅದು ಠಾಣೆ ಎಂಬ ಊರಿನ ಒಂದು ಬೆಳಗು, ಬೆನ್ನು ಮೇಲಾಗಿ ಬಿದ್ದ ಒಂದು ಕಲ್ಲು, ಮತ್ತು ನನ್ನ ಅಪ್ಪನ ಬಾಯಿಂದ ಬಂದ ಒಂದು ವಾಕ್ಯ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು. ಬಾಲ್ಯದ ನೆನಪೆಂದರೆ ಮಲ್ಲಿಗೆಯೋ ಮಳೆಯ ಮಣ್ಣೋ ಆಗಬೇಕೆಂದು ಯಾರು ಹೇಳಿದರೋ ಕಾಣೆ.

ಆಗ ನಾವು ಠಾಣೆಯಲ್ಲಿ ಒಂದು ಕೆರೆಯ ಪಕ್ಕದ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿದ್ದೆವು. ಮಳೆಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ಅಕ್ಕ ವನಜತ್ತೆ. ಹಾಗೆ ಹೇಳುವುದು ತಪ್ಪು. ಮನೆ ಅತ್ತೆಯದು. ಮೈಸೂರಿನಿಂದ ಮೊದಲು ಬಂದವಳು ಅವಳು. ಇಲ್ಲಿನ ಶಾಲೆಯೊಂದರಲ್ಲಿ ಟೀಚರಾಗಿ ಸೇರಿ, ಬಾಡಿಗೆ ಮನೆ ಹಿಡಿದು, ತಂದೆ ತಾಯಿ ಇಲ್ಲದ ತಮ್ಮನನ್ನು ಕರೆಸಿಕೊಂಡು, ಓದಿಸಿ, ಇನ್ಶೂರೆನ್ಸ್ ಕಚೇರಿಯ ಕೆಲಸಕ್ಕೆ ಹತ್ತಿಸಿ, ಮದುವೆ ಮಾಡಿಸಿ, ಆಮೇಲೆ ತನ್ನ ಮದುವೆಯ ಮಾತನ್ನು ಯಾರೂ ಎತ್ತದ ವಯಸ್ಸಿಗೆ ಬಂದು ನಿಂತವಳು. ಆ ಮನೆಯನ್ನು ಮಾಲೀಕರು ಮಾರಲು ಹೊರಟಾಗ ಸಾಲ ಸಿಗಲು ಸುಲಭವೆಂದು ಅಪ್ಪನ ಹೆಸರಿಗೆ ಕೊಂಡರಂತೆ. ನನ್ನ ಅಪ್ಪನನ್ನು ಅವಳು ಕೊನೆಯವರೆಗೂ ಪುಟ್ಟು ಎಂದೇ ಕರೆದಳು.

ಮನೆಯ ತುಂಬ ಅವಳ ಸಾಮಾನು. ಕಿಟಕಿಯ ಕಟ್ಟೆಯ ಮೇಲೆ ಹಾರ್ಲಿಕ್ಸ್ ಬಾಟಲಿಗಳಲ್ಲಿ ಗೊದಮೊಟ್ಟೆಗಳು, ಷೋಕೇಸಿನಲ್ಲಿ ಗೊಂಬೆಗಳ ಬದಲು ಕಲ್ಲುಗಳು, ದೇವರ ಗೂಡಿನ ಪಕ್ಕದ ಮೊಳೆಗೆ ನೇತುಬಿದ್ದ ಹಾವಿನ ಪೊರೆ. ಅಮ್ಮ ಗೊಣಗುತ್ತಿದ್ದಳು, "ಅತ್ತಿಗೆ, ನಿಮ್ಮ ಕಪ್ಪೆ ಮತ್ತೆ ಬಚ್ಚಲಿಗೆ ಬಂದಿದೆ ನೋಡಿ." ಅತ್ತೆ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಲ್ಲಿಂದಲೇ, "ಸ್ನಾನಕ್ಕೆ ಬಂದಿರುತ್ತೆ ಬಿಡೆ" ಎನ್ನುತ್ತಿದ್ದಳು. ಅಮ್ಮ ನಗು ತಡೆದುಕೊಂಡು ತಂಬಿಗೆಯಲ್ಲಿ ಕಪ್ಪೆಯನ್ನು ಹಿಡಿದು ಹಿತ್ತಲಿಗೆ ಬಿಟ್ಟು ಬರುತ್ತಿದ್ದಳು. ಶನಿವಾರ ಸಂಜೆ ಅತ್ತೆ ಅಪ್ಪನ ಹಳೆಯ ಪಂಚೆಯ ಚೂರಿನಿಂದ ಭೂತಗನ್ನಡಿಗಳನ್ನು ಒರೆಸಲು ಕೂತಳೆಂದರೆ ನನಗೆ ಸಂಭ್ರಮ. ಮರುದಿನ ಗಾರ್ಡನ್ನಿಗೆ ಮಕ್ಕಳು ಬರುತ್ತಾರೆ ಎಂದರ್ಥ.

ಕೆರೆಯ ಆಚೆ ದಡದಲ್ಲಿತ್ತು ಆ ಗಾರ್ಡನ್. ಹೆಸರಿಗೆ ಮುನ್ಸಿಪಾಲಿಟಿಯದು, ನಿಜಕ್ಕೂ ಯಾರದೂ ಅಲ್ಲ. ಮುರಿದ ಜಾರುಬಂಡೆ, ತುಕ್ಕು ಹಿಡಿದ ಜೋಕಾಲಿ, ಬಿಳಲು ಬಿಟ್ಟ ಎರಡು ಆಲದ ಮರ, ಒಂದು ಹಾಲುವಾಣ, ಮತ್ತು ನೀರಿಗೆ ಇಳಿದುಹೋದ ದೊಡ್ಡ ಕರಿಬಂಡೆ. ಮೊದಲು ಅತ್ತೆ ತನ್ನ ಶಾಲೆಯ ಮಕ್ಕಳನ್ನಷ್ಟೇ ಕರೆತರುತ್ತಿದ್ದಳು. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಡೊಂಬಿವಲಿ, ಕಲ್ಯಾಣ, ವಾಶಿಯ ಶಾಲೆಗಳೂ ಬಸ್ಸು ಮಾಡಿಕೊಂಡು ಬರತೊಡಗಿದವು. ಕೆರೆಯ ಮೂಲೆಯಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಶೆಟ್ಟರು ಗಲ್ಲಾದಲ್ಲೇ ಕೂತು ಕೂಗುತ್ತಿದ್ದರು, "ಎಂತ ಟೀಚರೇ, ಇವತ್ತು ಯಾವ ಊರಿನ ಮಕ್ಕಳು?" ಸ್ವಲ್ಪ ಹೊತ್ತಿಗೆ ದೊಡ್ಡ ಪಾತ್ರೆಯ ತುಂಬ ಇಡ್ಲಿ ಬರುತ್ತಿತ್ತು. ಬಾಳೆಲೆಯ ಮೇಲೆ ಬಿಸಿ ಇಡ್ಲಿ ಬಿದ್ದಾಗ ಏಳುವ ಆ ಹಸಿರು ವಾಸನೆ, ಆಲದ ಮರದಲ್ಲಿ ಗಿಳಿಗಳ ಗಲಾಟೆ, ಮಕ್ಕಳ ಗಲಾಟೆ, ಎಲ್ಲದರ ನಡುವೆ ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತ ಅತ್ತೆ.

ಅವಳು ಮೊದಲು ಮಾಡಿಸುತ್ತಿದ್ದ ಕೆಲಸ ಆ ಕರಿಬಂಡೆಯ ಮೇಲೆ ಮಕ್ಕಳನ್ನು ಮಲಗಿಸುವುದು. ಬಿಸಿಲೇರುವ ಮುಂಚೆ ಬಂಡೆ ತಣ್ಣಗಿರುತ್ತಿತ್ತು. ಕಿವಿಯಿಟ್ಟು ಕೇಳಿ ಎನ್ನುತ್ತಿದ್ದಳು. ಏನೂ ಕೇಳಿಸುತ್ತಿರಲಿಲ್ಲ, ಆದರೂ ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆಗ ಅವಳು ಹೇಳುತ್ತಿದ್ದಳು, ಇದು ಒಂದು ಕಾಲದಲ್ಲಿ ಪಾಯಸದ ಹಾಗೆ ಹರಿದಿತ್ತು, ಭೂಮಿ ಬಿರಿದು ಹೊರಗೆ ಬಂದಿತ್ತು, ಆಗ ಮನುಷ್ಯರು ಇರಲೇ ಇಲ್ಲ. ಪಾಯಸದಲ್ಲಿ ಏಳುವ ಗುಳ್ಳೆಗಳಂತೆ ಇದರಲ್ಲೂ ಗುಳ್ಳೆ ಎದ್ದವು, ಆರಿದ ಮೇಲೆ ಆ ಗುಳ್ಳೆಗಳೊಳಗೆ ನಿಧಾನವಾಗಿ ಬಿಳಿ ಹರಳು ಬೆಳೆಯಿತು, ಬೆರಳಿನಿಂದ ಹುಡುಕಿ. ಒಂದು ಸಲ ಪುಟ್ಟ ಹುಡುಗಿಯೊಬ್ಬಳು ಬಂಡೆಗೆ ಕೆನ್ನೆ ಹಚ್ಚಿಕೊಂಡೇ ಕೇಳಿದ್ದಳು, "ಮಿಸ್, ಯೇ ಪತ್ಥರ್ ಕೋ ಯಾದ್ ಹೋಗಾ ಕ್ಯಾ, ವೋ ಗರಮ್ ಥಾ?" ಈ ಕಲ್ಲಿಗೆ ತಾನು ಬಿಸಿಯಾಗಿದ್ದದ್ದು ನೆನಪಿರುತ್ತದಾ ಎಂದು. ಅತ್ತೆ ಆ ಪ್ರಶ್ನೆಯನ್ನು ವಾರಗಟ್ಟಲೆ ಮನೆಯಲ್ಲಿ ಹೇಳಿಕೊಂಡು ಓಡಾಡಿದಳು. "ನೋಡೇ ಅನು, ಪುಸ್ತಕದಲ್ಲಿ ಓದಿದ ಮಗು ಇದನ್ನ ಕೇಳುತ್ತಾ?" ಎಂದು ನನ್ನನ್ನು ಕೇಳುತ್ತಿದ್ದಳು.

ಬಂಡೆಯಾದ ಮೇಲೆ ವೀರಗಲ್ಲು. ಆಲದ ಬುಡದಲ್ಲಿ ನನ್ನ ಎತ್ತರಕ್ಕೆ ನಿಂತಿತ್ತು ಅದು. ಊರಿಗೋ ದನಗಳಿಗೋ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಮೈಸೂರು ಸೀಮೆಯಲ್ಲಿ ಇಂಥವು ಹೊಲದ ಬದುವಿನಲ್ಲೂ ಸಿಗುತ್ತವೆ, ಇಲ್ಲಿ ಇದೊಂದು ನಮ್ಮ ಬಂಧುವಿನ ಹಾಗೆ ಸಿಕ್ಕಿದೆ ಎಂದು ಅತ್ತೆಗೆ ಅದರ ಮೇಲೆ ವಿಶೇಷ ಮಮತೆ. ಮಳೆ ಗಾಳಿಗೆ ಸವೆದು ಕೆತ್ತನೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಮನೆಯಿಂದ ಒಂದು ಕೈಗನ್ನಡಿ ತರುತ್ತಿದ್ದಳು. ಯಾವುದಾದರೂ ಮಗುವಿನ ಕೈಗೆ ಅದನ್ನು ಕೊಟ್ಟು, ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಬೀಳಿಸುವಂತೆ ಹೇಳುತ್ತಿದ್ದಳು. ಬೆಳಕು ಓರೆಯಾಗಿ ಜಾರಿದ್ದೇ ತಡ, ಬೋಳು ಕಲ್ಲಿನಿಂದ ಮನುಷ್ಯರು ಎದ್ದುಬರುತ್ತಿದ್ದರು. ಕೆಳಗೆ ಕತ್ತಿ ಎತ್ತಿದವನು, ನಡುವೆ ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕೂತವನು. ಮಕ್ಕಳು ಹೋ ಎಂದು ಕೂಗುತ್ತಿದ್ದರು. ಪ್ರತಿ ಸಲವೂ ಯಾರಾದರೂ ಅವನ ಹೆಸರು ಕೇಳುತ್ತಿದ್ದರು. "ಹೆಸರು ಗೊತ್ತಿಲ್ಲ. ಅವನಿಗಾಗಿ ಯಾರೋ ಒಂದು ಕಲ್ಲು ನಿಲ್ಲಿಸಬೇಕು ಅಂದ್ಕೊಂಡ್ರು. ಅಷ್ಟು ಮಾತ್ರ ಗೊತ್ತು." ಇದನ್ನು ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದಳು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಗಾರ್ಡನ್ನನ್ನು ಸುಂದರಗೊಳಿಸುತ್ತಾರೆ ಎಂಬ ಸುದ್ದಿ ಬಂತು. ನಮ್ಮ ವಾರ್ಡಿನ ಕಾರ್ಪೊರೇಟರ್ ನಗುವ ಬ್ಯಾನರು ಕೆರೆಯ ಸುತ್ತ ಎದ್ದಿತು. ಬಣ್ಣದ ಟೈಲ್ಸು, ಹಾಡಿಗೆ ಕುಣಿಯುವ ಕಾರಂಜಿ, ಮಕ್ಕಳಿಗೆ ವಿಜ್ಞಾನದ ಆಟಿಕೆಗಳು. ಅದೇ ಹೊತ್ತಿಗೆ ನಮ್ಮ ಬಿಲ್ಡಿಂಗ್ ಕೆಡವಿ ಟವರ್ ಕಟ್ಟುವ ಮಾತೂ ಶುರುವಾಗಿತ್ತು. ಆ ಬಿಲ್ಡರ್ ಕಾರ್ಪೊರೇಟರನ ಮನುಷ್ಯ ಎಂಬುದು ಹಾಲಿನವನಿಗೂ ಗೊತ್ತಿತ್ತು. ಅಪ್ಪ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ. ಸಂಜೆ ಕಚೇರಿಯಿಂದ ಬಂದವರು ಷರ್ಟು ಕೂಡ ಬದಲಿಸದೆ ಮೀಟಿಂಗಿಗೆ ಹೋಗುತ್ತಿದ್ದರು. ಹಿಂದಿರುಗಿ ಬಂದು ನನ್ನ ತಲೆ ಸವರಿ, "ನಿನಗೊಂದು ಬೇರೆ ರೂಮು ಬೇಡ್ವೇನೆ?" ಎನ್ನುತ್ತಿದ್ದರು. ಬೇಕು ಎನ್ನುತ್ತಿದ್ದೆ. ಯಾವ ಮಗುವಿಗೆ ಬೇಡ?

ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಕಾರ್ಪೊರೇಟರನ್ನು ಕಂಡಳು. ಅವನು ಎದ್ದು ನಿಂತು ಕೈಮುಗಿದ, ನನಗೆ ಚಾಕಲೇಟು ಕೊಟ್ಟ. ಬಂಡೆಯನ್ನೂ ವೀರಗಲ್ಲನ್ನೂ ಮುಟ್ಟಬೇಡಿ, ಉಳಿದದ್ದೆಲ್ಲ ಏನಾದರೂ ಮಾಡಿಕೊಳ್ಳಿ ಎಂದಳು ಅತ್ತೆ. ಅವನು ನಕ್ಕ. "ಮೇಡಂ, ಕಾಳಜೀ ಕರೂ ನಕಾ. ತುಮ್ಚಾ ದಗಡ್ ಕುಠೇ ಜಾಣಾರ್?" ಚಿಂತೆ ಬೇಡ, ನಿಮ್ಮ ಕಲ್ಲು ಎಲ್ಲಿಗೆ ಹೋಗುತ್ತದೆ? ಕೆಲಸ ಶುರುವಾಗುವುದು ಮಳೆಗಾಲ ಕಳೆದ ಮೇಲೆ, ಅದೂ ಆಚೆ ಬದಿಯಿಂದ ಎಂದ. ಹೊರಗೆ ಬಂದ ಮೇಲೆ ಅತ್ತೆ, "ಒಳ್ಳೆ ಮನುಷ್ಯ ಕಣೇ" ಎಂದಳು. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಮಳೆಗಾಲಕ್ಕೆ ಇನ್ನೂ ದಿನಗಳಿದ್ದವು. ಆ ಭಾನುವಾರ ಡೊಂಬಿವಲಿಯ ಒಂದು ಶಾಲೆಯ ಮಕ್ಕಳು ಬಂದಿದ್ದರು. ಕೆರೆ ಸುತ್ತಿ ಗಾರ್ಡನ್ನಿನ ಗೇಟಿಗೆ ಬಂದರೆ ಒಳಗಿನಿಂದ ಕಲ್ಲೊಡೆಯುವ ಬ್ರೇಕರಿನ ಸದ್ದು. ಗಾಳಿಯಲ್ಲಿ ಕಲ್ಲು ಸುಟ್ಟ ವಾಸನೆ. ಮಕ್ಕಳು ಮಲಗಿ ಕಿವಿಗೊಡುತ್ತಿದ್ದ ಬಂಡೆ ಅರ್ಧಕ್ಕೂ ಹೆಚ್ಚು ಒಡೆದು ಗುಡ್ಡೆಯಾಗಿತ್ತು. ವೀರಗಲ್ಲನ್ನು ಬುಡದಿಂದ ಕಿತ್ತು, ಮುಖ ಕೆಳಗಾಗಿ ಕೆಸರಿನ ಮೇಲೆ ಕೆಡವಿ, ಅದರ ಮೇಲೆ ಹಲಗೆಯ ಹಾಗೆ ಸಿಮೆಂಟಿನ ಕೈಗಾಡಿ ದಾಟಿಸುತ್ತಿದ್ದರು. ಕಲ್ಲಿನ ಬೆನ್ನಿನ ಮೇಲೆ ಹಸಿ ಸಿಮೆಂಟು ಚೆಲ್ಲಿ ಹರಡಿತ್ತು. ಅತ್ತೆಯ ಕೈಯಲ್ಲಿದ್ದ ಚೀಲ ಜಾರಿತು. ಮಕ್ಕಳೆಲ್ಲ ಅವಳ ಮುಖ ನೋಡುತ್ತಿದ್ದರು. ಅವಳು ಸೂಪರ್‌ವೈಸರನ್ನು ಕೇಳಿದಳು. "ಊಪರ್ ಸೇ ಆರ್ಡರ್ ಹೈ", ಮೇಲಿನವರ ಆರ್ಡರ್ ಎಂದು, ಅವನು ಬೇರೆ ಕಡೆ ನೋಡಿದ.

ಅವಳು ಕೂಗಾಡಲಿಲ್ಲ. ಮಕ್ಕಳನ್ನು ಆಲದ ನೆರಳಿನಲ್ಲಿ ಕೂರಿಸಿ, ಒಡೆದ ಬಂಡೆಯ ಚೂರುಗಳನ್ನು ಆರಿಸಿ ತಂದು ಒಬ್ಬೊಬ್ಬರ ಕೈಗೆ ಕೊಟ್ಟಳು. ಹೊಸದಾಗಿ ಒಡೆದ ಮುಖಗಳಲ್ಲಿ ಹರಳುಗಳು ಸಕ್ಕರೆಯ ಹಾಗೆ ಹೊಳೆಯುತ್ತಿದ್ದವು. ಮಕ್ಕಳಿಗೆ ಹೇಳಿದಳು, ಈ ಹರಳನ್ನು ನಿಮಗಿಂತ ಮೊದಲು ಯಾರೂ ನೋಡಿಲ್ಲ, ಬೆಳಕು ಕೂಡ ನೋಡಿಲ್ಲ, ಚೆನ್ನಾಗಿ ನೋಡಿಕೊಳ್ಳಿ. ಆಮೇಲೆ ನಡೆದುಹೋಗಿ, ಸಿಮೆಂಟು ಮೆತ್ತಿದ ಆ ಕಲ್ಲಿನ ಬೆನ್ನ ಮೇಲೆ ಕೂತುಬಿಟ್ಟಳು. ಕೈಗಾಡಿಗಳು ನಿಂತವು. ಬ್ರೇಕರೂ ನಿಂತಿತು. ಸೂಪರ್‌ವೈಸರ್ ಯಾರಿಗೋ ಫೋನು ಮಾಡಿದ.

ಬಂದವರು ಪೊಲೀಸರಲ್ಲ. ಕಾರ್ಪೊರೇಟರನ ಕಡೆಯ ಇಬ್ಬರು ಹುಡುಗರು, ಅವರ ಬೈಕಿನ ಹಿಂದೆ ತಮ್ಮ ಸ್ಕೂಟರಿನಲ್ಲಿ ಅಪ್ಪ. ಭಾನುವಾರದ ಕುರುಚಲು ಗಡ್ಡ, ಮನೆಯ ಚಪ್ಪಲಿ. ಅಪ್ಪನನ್ನು ಕಂಡು ನಾನು ಓಡಿದೆ. ಅಪ್ಪ ಬಂದರು, ಇನ್ನು ಇವರೆಲ್ಲ ಓಡಬೇಕು ಎಂದು ಸತ್ಯವಾಗಿ ನಂಬಿದ್ದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಹತ್ತಿರ ಹೋದರು.

"ಅಕ್ಕಾ, ಏಳು. ಮಕ್ಕಳ ಮುಂದೆ ಇದೆಲ್ಲ ಬೇಡ."

"ಇವರು ಮಾತು ಕೊಟ್ಟಿದ್ರು ಪುಟ್ಟು. ನೀನು ಇವರಿಗೆ ಹೇಳು. ಸೊಸೈಟಿ ಸೆಕ್ರೆಟರಿ ಅಲ್ವಾ ನೀನು?"

"ಎದ್ದೇಳಕ್ಕಾ. ನನ್ನ ಮರ್ಯಾದೆ ತೆಗೀಬೇಡ."

ಅವಳು ಏಳಲಿಲ್ಲ. ಆಗ ಅಪ್ಪ ಆ ಹುಡುಗರ ಕಡೆ, ಸೂಪರ್‌ವೈಸರನ ಕಡೆ, ಡೊಂಬಿವಲಿಯಿಂದ ಬಂದಿದ್ದ ಇಬ್ಬರು ಟೀಚರುಗಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಕ್ಷಮೆ ಕೇಳುವವರ ಹಾಗೆ ಕೈ ಜೋಡಿಸಿ ಮರಾಠಿಯಲ್ಲಿ ಹೇಳಿದರು, "ತಿಚೀ ತಬ್ಯೇತ್ ಬರೀ ನಾಹೀ. ಡೋಕ್ಯಾಚಾ ತ್ರಾಸ್ ಆಹೆ."

ಅವಳಿಗೆ ಹುಷಾರಿಲ್ಲ. ತಲೆಯ ತೊಂದರೆ ಇದೆ.

ಗೇಟಿನ ಹತ್ತಿರ ಇಡ್ಲಿ ಪಾತ್ರೆ ಹಿಡಿದು ಬಂದು ನಿಂತಿದ್ದ ಶೆಟ್ಟರೊಬ್ಬರೇ ಬಾಯಿ ತೆರೆದವರು. "ಎಂತ ಹೇಳುವುದು ಮಾರಾಯ್ರೆ ನೀವು? ಟೀಚರಿಗೆ ಎಂತದೂ ಆಗಿಲ್ಲ!" ಎಂದು ಕೂಗಿದರು. ಅಪ್ಪ ಅವರ ಕಡೆ ನೋಡಲಿಲ್ಲ. ಆ ಟೀಚರುಗಳು ಆಗಲೇ ಮಕ್ಕಳನ್ನು ಎಬ್ಬಿಸುತ್ತಿದ್ದರು. ಅವರು ಅತ್ತೆಯನ್ನು ನೋಡುವ ರೀತಿ ಅಷ್ಟರಲ್ಲೇ ಬದಲಾಗಿಹೋಗಿತ್ತು. ಒಬ್ಬರು ಮಕ್ಕಳ ಕೈಯಿಂದ ಕಲ್ಲಿನ ಚೂರುಗಳನ್ನು ಕಿತ್ತು ಕೆಳಗೆ ಹಾಕಿದರು. ಅತ್ತೆ ತಾನಾಗಿಯೇ ಎದ್ದಳು. ಸೀರೆಯ ಹಿಂಬದಿಗೆ ಸಿಮೆಂಟು ಮೆತ್ತಿತ್ತು. ಯಾರ ಕಡೆಯೂ ನೋಡದೆ ಕೆರೆ ಸುತ್ತಿ ಮನೆಗೆ ನಡೆದಳು, ಅವಳ ಹಿಂದೆ ಚೀಲ ಹಿಡಿದು ನಾನು. ಗೇಟು ದಾಟುವ ಮೊದಲೇ ಬ್ರೇಕರ್ ಮತ್ತೆ ಶುರುವಾಯಿತು.

ಮನೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ನನಗೆ ಏನಾಗಿದೆ ಪುಟ್ಟು?" ಅಪ್ಪನ ಬಳಿ ಉತ್ತರ ಸಿದ್ಧವಿತ್ತು. ಏನೂ ಆಗಿಲ್ಲ, ಆ ಗಳಿಗೆಗೆ ಹಾಗೆ ಹೇಳಿದೆ, ಇಲ್ಲದಿದ್ದರೆ ನಿನ್ನನ್ನು ಸ್ಟೇಷನ್ನಿಗೆ ಎಳೆದೊಯ್ಯುತ್ತಿದ್ದರು, ನಿನ್ನನ್ನು ಉಳಿಸಲು ಹೇಳಿದೆ. ಈ ಉತ್ತರವನ್ನು ಅವರು ಆಮೇಲೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅತ್ತೆಗೆ, ಅಮ್ಮನಿಗೆ, ನನಗೆ, ಕೊನೆಗೆ ಯಾರೂ ಕೇಳದೆಯೇ. ಅದರಲ್ಲಿ ಸ್ವಲ್ಪ ನಿಜ ಇರಬಹುದು. ಆದರೆ ಸುಳ್ಳು ಹೇಳಿ ಅಕ್ಕನನ್ನು ಉಳಿಸುವವನು ಮಾರನೆಯ ದಿನ ಹೋಗಿ ಅದು ಸುಳ್ಳು ಎಂದೂ ಹೇಳಬಹುದಿತ್ತು. ಅಪ್ಪ ಹೋಗಲಿಲ್ಲ. ಟವರಿನ ಕಾಗದಗಳು ಕಾರ್ಪೊರೇಟರನ ಮೇಜಿನ ಮೇಲಿದ್ದವು.

ಆ ಮಾತು ಬಸ್ಸಿನಲ್ಲಿ ಡೊಂಬಿವಲಿಗೆ ಹೋಯಿತು, ಅಲ್ಲಿಂದ ಎಲ್ಲ ಕಡೆಗೆ. ತಲೆ ಸರಿಯಿಲ್ಲದ ಹೆಂಗಸಿನ ಕೈಗೆ, ಅದರಲ್ಲೂ ಒಡಹುಟ್ಟಿದವನೇ ಹಾಗೆಂದ ಮೇಲೆ, ಕೆರೆಯ ದಡದಲ್ಲಿ ಮಕ್ಕಳನ್ನು ಯಾರು ಒಪ್ಪಿಸುತ್ತಾರೆ? ಒಂದೊಂದೇ ಶಾಲೆ ಬರುವುದನ್ನು ನಿಲ್ಲಿಸಿತು. ಅವಳದೇ ಶಾಲೆಯ ಹೆಡ್‌ಮಿಸ್ಟ್ರೆಸ್ ಬಹಳ ಮೃದುವಾಗಿ, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಗಾರ್ಡನ್ನಿನ ಉದ್ಘಾಟನೆಯ ದಿನ ಸುತ್ತಲ ಸೊಸೈಟಿಗಳ ಸೆಕ್ರೆಟರಿಗಳನ್ನು ವೇದಿಕೆಗೆ ಕರೆದರು. ಅಪ್ಪ ಹೋದರು. ಶಾಲು ಹೊದೆಸಿಕೊಂಡು ಬಂದರು. ಆ ಶಾಲನ್ನು ಅಮ್ಮ ಬೀರುವಿನೊಳಗೆ ಇಡಲಿಲ್ಲ, ನೆಲ ಒರೆಸುವ ಬಟ್ಟೆಗಳ ಜೊತೆ ಹಾಕಿದಳು. ಅಮ್ಮ ಜೀವನದಲ್ಲಿ ಅಪ್ಪನಿಗೆ ತೋರಿಸಿದ ಪ್ರತಿಭಟನೆ ಅಷ್ಟೇ.

ಬಿಲ್ಡಿಂಗ್ ಖಾಲಿ ಮಾಡುವ ಮೊದಲೇ ಅತ್ತೆ ಕಲ್ಯಾಣದಲ್ಲಿ ಒಂದು ರೂಮು ಹಿಡಿದು ಹೊರಟಳು. ಬಾಟಲಿಗಳಲ್ಲಿದ್ದ ಗೊದಮೊಟ್ಟೆಗಳನ್ನು ಕೆರೆಗೆ ಬಿಡಲು ಹೋದೆವು. ದಡಕ್ಕೆ ಕಟ್ಟಿದ್ದ ಹೊಸ ಗೋಡೆಯ ಮೇಲಿಂದ ಬಗ್ಗಿ ಸುರಿಯಬೇಕಾಯಿತು. ಮಕ್ಕಳ ಭೂತಗನ್ನಡಿಗಳನ್ನು ಶೆಟ್ಟರ ಮೊಮ್ಮಕ್ಕಳಿಗೆ ಕೊಟ್ಟಳು. ಅಮ್ಮ ಅವಳ ಕೈ ಹಿಡಿದು, "ಹೋಗ್ಬೇಡಿ ಅತ್ತಿಗೆ, ನಾನು ಒಬ್ಬಳೇ ಆಗ್ತೀನಿ" ಎಂದು ಅತ್ತಳು. ಅಪ್ಪ ಕಚೇರಿಗೆ ಹೋಗಿದ್ದರು. ಆಮೇಲೆ ಏನಾಯಿತೆಂದರೆ ಟವರ್ ಅರ್ಧಕ್ಕೇ ನಿಂತಿತು, ಬಿಲ್ಡರ್ ಕೈಯೆತ್ತಿದ, ನಮ್ಮ ಪಾಲಿಗೆ ಬಂದಿದ್ದನ್ನು ತೆಗೆದುಕೊಂಡು ಅಪ್ಪ ಘಣಸೋಲಿಯಲ್ಲಿ ಫ್ಲ್ಯಾಟ್ ಕೊಂಡರು. ನನಗೆ ಬೇರೆ ರೂಮು ಸಿಕ್ಕಿತು. ಅದರ ಗೋಡೆ ಮಳೆಗಾಲದಲ್ಲೂ ಒದ್ದೆಯಾಗುವುದಿಲ್ಲ. ಅಲ್ಲಿ ಎಷ್ಟೋ ವರ್ಷ ಮಲಗಿದ್ದೇನೆ, ಅದು ನನ್ನದು ಎಂದು ಒಂದು ದಿನವೂ ಅನ್ನಿಸಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಠಾಣೆಯಲ್ಲಿ ಇಳಿದು ಆ ಗಾರ್ಡನ್ನಿಗೆ ಹೋದೆ. ಒಳಗೆ ಹೋಗಲು ಈಗ ಟಿಕೆಟು. ಫೈಬರಿನ ಡೈನೋಸಾರ್ ಒಂದು ಬಾಯಿ ತೆರೆದು ಗರ್ಜಿಸುತ್ತಿತ್ತು. ಕರಿಬಂಡೆ ಇದ್ದ ಜಾಗದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಸಿಮೆಂಟಿನ ಜ್ವಾಲಾಮುಖಿ ಕಟ್ಟಿದ್ದರು. ಅದರ ಬಾಯಿಂದ ಆಗಾಗ ಕೆಂಪು ಲೈಟು ಹತ್ತಿ ಹೊಗೆ ಬರುತ್ತಿತ್ತು. ಬಸ್ಸಿನಲ್ಲಿ ಬಂದ ಶಾಲೆಯ ಮಕ್ಕಳು ಹಗ್ಗದ ಆಚೆ ಸಾಲಾಗಿ ನಿಂತಿದ್ದರು. ಕಿವಿಗೆ ಮೈಕು ಸಿಕ್ಕಿಸಿಕೊಂಡ ಗೈಡ್ ಲಾವಾ ಎಂದರೇನು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ. ಒಂದು ಮಗು ಮುಟ್ಟಲು ಕೈ ಚಾಚಿದ್ದಕ್ಕೆ ಟೀಚರು ಬೈದರು. ನಿಜವಾದ ಲಾವಾವನ್ನು ಒಡೆದು ಪುಡಿ ಮಾಡಿ, ಅದರ ಮೇಲೆಯೇ ಸುಳ್ಳು ಲಾವಾ ಕಟ್ಟಿ, ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೇವೆ ಎಂದು ಬೋರ್ಡು ಹಾಕಿದವರಿಗೆ ನಾಚಿಕೆ ಎಂಬುದು ಇರುತ್ತದೆಯೇ? ವೀರಗಲ್ಲಿನ ಬಗ್ಗೆ ಕೇಳಿದೆ. ಆಫೀಸಿನಲ್ಲಿದ್ದವನಿಗೆ ನಾನು ಏನು ಕೇಳುತ್ತಿದ್ದೇನೆಂದೇ ಗೊತ್ತಾಗಲಿಲ್ಲ. ಅದು ಯಾವುದೋ ಪಾಯದ ಕೆಳಗಿದೆಯೋ, ಲಾರಿ ಹತ್ತಿ ಹೋಯಿತೋ, ಯಾರಿಗೂ ತಿಳಿಯದು.

ಅತ್ತೆಗೆ ಹೇಳಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಕಲ್ಯಾಣದ ಆ ರೂಮಿನಲ್ಲಿ ಮಂಚದ ಮೇಲೆ ಕೂತು, ಟ್ಯೂಷನ್ನಿನ ಮಕ್ಕಳು ಹೋದ ಮೇಲೆ, ಅವಳು ಎಲ್ಲ ಕೇಳಿಸಿಕೊಂಡಳು. ಸಿಮೆಂಟಿನ ಜ್ವಾಲಾಮುಖಿ ಎಂದಾಗ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣು ಒರೆಸಿಕೊಂಡಳು. ಈ ಮಕ್ಕಳನ್ನಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗು ಅತ್ತೆ ಎಂದೆ. "ಹೊರಗೆ ಕರ್ಕೊಂಡು ಹೋದ್ರೆ ಇವರಪ್ಪ ಅಮ್ಮಂದಿರು ನನ್ನ ಬಗ್ಗೆ ವಿಚಾರಿಸ್ತಾರೆ ಅನು. ವಿಚಾರಿಸೋದು ತಪ್ಪಲ್ಲ. ಏನು ಗೊತ್ತಾಗುತ್ತೆ ಅಂತ ನನಗೆ ಭಯ." ಇಷ್ಟು ಹೇಳಿ ಕಾಫಿ ಮಾಡಲು ಎದ್ದಳು. ಅವಳಿಗೆ ಬರಬೇಕಾಗಿದ್ದ ಸಿಟ್ಟೆಲ್ಲ ನನಗೇ ಬಂತೋ ಏನೋ. ಅದನ್ನು ಇಟ್ಟುಕೊಂಡು ಲೋಕಲ್ ಟ್ರೇನು ಹತ್ತಿ ಮನೆಗೆ ಬಂದೆ.

ಆಮೇಲೆ ಹೆಚ್ಚು ಕಾಲ ಅವಳು ಇರಲಿಲ್ಲ. ಕೆಮ್ಮು ಕೆಮ್ಮಾಗಿ ಉಳಿಯಲಿಲ್ಲ, ಆಸ್ಪತ್ರೆಗೆ ಸೇರಿಸಿದ ವಾರದಲ್ಲೇ ಹೋದಳು. ಕಲ್ಯಾಣದ ಸ್ಮಶಾನದಲ್ಲಿ ನಾವು ಮನೆಯವರು, ಟ್ಯೂಷನ್ನಿನ ಕೆಲವು ಮಕ್ಕಳ ತಾಯಂದಿರು, ಕೋಲೂರಿಕೊಂಡು ಬಂದ ಶೆಟ್ಟರು. ಬಂಡೆಗೆ ಕಿವಿಗೊಟ್ಟ ಅಷ್ಟೊಂದು ಮಕ್ಕಳಲ್ಲಿ ಒಬ್ಬರೂ ಇರಲಿಲ್ಲ. ಅವರಿಗೆ ಯಾರು ಹೇಳಬೇಕಿತ್ತು? ಅಮ್ಮ ರೂಮು ಖಾಲಿ ಮಾಡಲು ಅಲ್ಲೇ ಉಳಿದಳು. ಅಪ್ಪ ಮತ್ತು ನಾನು ಗಾಡಿ ಹತ್ತಿದೆವು.

ಮುಂಬ್ರಾ ಸ್ಟೇಷನ್ ದಾಟಿದ ಮೇಲೆ ಅಪ್ಪ ಕೇಳಿದರು, "ಅಕ್ಕ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ಲಾ?"

"ನಿಮ್ಮ ಬಿಪಿ ಮಾತ್ರೆ ಸರಿಯಾಗಿ ತಗೋತೀರಾ ಅಂತ ಕೇಳ್ತಿದ್ಲು. ಹೋದಾಗಲೆಲ್ಲ."

"ಮತ್ತೆ?"

"ಅಷ್ಟೇ."

ಅವರು ಕಿಟಕಿಯ ಸರಳಿಗೆ ಹಣೆ ಒತ್ತಿ ಅತ್ತರು. ಠಾಣೆ ಬಂದಾಗ ಇಳಿಯುವವರ ನೂಕುನುಗ್ಗಲಿನಲ್ಲಿ ಅವರ ಕೈ ನನ್ನ ಕೈ ಹುಡುಕಿತು. ಕೊಟ್ಟೆ, ಬೀಳಬಾರದಲ್ಲ. ಪ್ಲಾಟ್‌ಫಾರ್ಮಿನಲ್ಲಿ ಜನ ಚದುರಿದ ಮೇಲೂ ಅವರು ಬಿಡಲಿಲ್ಲ. "ಮೈಸೂರಿನಿಂದ ನಾನು ಬಂದ ದಿನ ಅಕ್ಕ ಇಲ್ಲೇ ನಿಂತಿದ್ಲು. ಇಷ್ಟು ಜನಾನ ನಾನು ನೋಡೇ ಇರಲಿಲ್ಲ, ಅಳು ಬಂದಿತ್ತು. ಮನೆ ಮುಟ್ಟೋವರೆಗೂ ನನ್ನ ಕೈ ಬಿಡಲಿಲ್ಲ ಅವಳು."

ನಾನು ನಿಧಾನವಾಗಿ ಕೈ ಬಿಡಿಸಿಕೊಂಡೆ. ಘಣಸೋಲಿಯ ಗಾಡಿ ಹಿಡಿಯಲು ಇಬ್ಬರೂ ಸೇತುವೆ ಹತ್ತಿದೆವು, ಮುಂದೆ ನಾನು, ಹಿಂದೆ ಅವರು.